ಓದುಗರ ಪ್ರಶ್ನೆ: ಈ ಉಚಿತ ಪತ್ರಿಕೆಯ ಒಡೆಯರು ಯಾರು?

ಪ್ರಶ್ನೆ: ಮಾನ್ಯರೆ, ನಮ್ಮ ಶಿರಸಿ ನಗರದಲ್ಲಿ ಕೆಲವು ವಾರಗಳಿಂದ ಎಂಟು ಪುಟಗಳ ಹೊಸ ಪತ್ರಿಕೆಯೊಂದು ವಾರಕ್ಕೆ ಎರಡು ದಿನ ಬರುತ್ತಿದೆ. ಚಂದಾ ಇಲ್ಲ, ಬಿಡಿ ಪ್ರತಿಗೂ ಬೆಲೆ ಇಲ್ಲ. ಬೆಳಗಿನ ಹಾಲಿನ ಹೊತ್ತಿಗೆ ಗೇಟಿಗೆ ಸಿಕ್ಕಿಸಿ ಹೋಗುತ್ತಾರೆ. ಬಸ್ ನಿಲ್ದಾಣದಲ್ಲಿ, ಬಿಡಕಿಬೈಲಿನ ಅಂಗಡಿಗಳಲ್ಲಿ ಕಟ್ಟುಕಟ್ಟಾಗಿ ಇಟ್ಟಿರುತ್ತಾರೆ. ಅಡಿಕೆ ಧಾರಣೆ, ಯಕ್ಷಗಾನದ ಆಟಗಳ ವಿವರ, ನಿಧನ ವಾರ್ತೆ, ನಗರಸಭೆಯ ಸುದ್ದಿ ಎಲ್ಲವೂ ಇವೆ, ಭಾಷೆಯೂ ಚೆನ್ನಾಗಿದೆ. ಆದರೆ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಹುಡುಕಿದರೂ ಮಾಲೀಕರ ಹೆಸರು ಸಿಗಲಿಲ್ಲ. ‘ಸಂಪಾದಕ ಮಂಡಳಿ’ ಎಂಬ ಎರಡು ಪದ ಮತ್ತು ಒಂದು ಮೊಬೈಲ್ ಸಂಖ್ಯೆ ಮಾತ್ರ ಇದೆ. ಊರಿನಲ್ಲಿ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದಾರೆ. ಹೀಗೆ ಪತ್ರಿಕೆ ತರಲು ಕಾನೂನಿನಲ್ಲಿ ಅವಕಾಶವಿದೆಯೇ? ಬೇರೆಡೆ ಇಂತಹುದು ನಡೆದಿದೆಯೇ? ಪುಕ್ಕಟೆಯಾಗಿ ಸಿಗುವ ಪತ್ರಿಕೆಯ ಬಗ್ಗೆ ಇಷ್ಟೆಲ್ಲ ವಿಚಾರಿಸುವುದು ಅತಿಯಾಯಿತೇ?
– ನಿವೃತ್ತ ಶಿಕ್ಷಕರೊಬ್ಬರು, ಶಿರಸಿ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ. ವಿಚಾರಿಸುವುದು ಖಂಡಿತ ಅತಿಯಲ್ಲ. ಬಹಳ ವರ್ಷಗಳ ಹಿಂದೆ ನಾನು ಸಣ್ಣ ಪತ್ರಿಕೆಯೊಂದರಲ್ಲಿ ಕೆಲಸಕ್ಕಿದ್ದಾಗ, ಅಡಿಕೆ ಧಾರಣೆಯ ಪಟ್ಟಿಯಲ್ಲಿ ಚಾಲಿ ಎಂಬ ಬಿಳಿ ಅಡಿಕೆಯ ಸಾಲಿಗೆ ರಾಶಿ ಎಂಬ ಕೆಂಪಡಿಕೆಯ ದರವನ್ನು ಹಾಕಿಬಿಟ್ಟಿದ್ದೆ. ಅದನ್ನು ನಂಬಿದ ಬೆಳೆಗಾರರೊಬ್ಬರು ಬಾಡಿಗೆ ಜೀಪಿನಲ್ಲಿ ನಾಲ್ಕು ಚೀಲ ಚಾಲಿ ಹೇರಿಕೊಂಡು ಪೇಟೆಗೆ ಬಂದು, ಅಲ್ಲಿನ ನಿಜವಾದ ದರ ನೋಡಿ, ಚೀಲಗಳನ್ನು ಜೀಪಿನಲ್ಲಿಯೇ ಬಿಟ್ಟು ನೇರವಾಗಿ ನಮ್ಮ ಕಚೇರಿಯ ಮೆಟ್ಟಿಲು ಹತ್ತಿದರು. ಕೊನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ವಿಳಾಸವನ್ನು ಓದಿಕೊಂಡು ಬಂದಿದ್ದರು. ಸಂಪಾದಕರು ಅವರನ್ನು ಕೂರಿಸಿ ಮಾತನಾಡಿಸಿ, ಜೀಪಿನ ಬಾಡಿಗೆ ಕೊಟ್ಟು, ಮರುದಿನ ಮೊದಲ ಪುಟದಲ್ಲಿ ತಪ್ಪೊಪ್ಪಿಗೆ ಪ್ರಕಟಿಸಿದರು. ನಿಮ್ಮ ಊರಿನ ಹೊಸ ಪತ್ರಿಕೆಯಲ್ಲಿಯೂ ಅಡಿಕೆ ಧಾರಣೆ ಬರುತ್ತದೆ ಎಂದಿದ್ದೀರಿ. ನಾಳೆ ಅದರಲ್ಲಿ ಇಂತಹ ತಪ್ಪಾದರೆ ಬೆಳೆಗಾರರು ಯಾವ ಮೆಟ್ಟಿಲು ಹತ್ತಬೇಕು? ಬೆಲೆ ಇಲ್ಲದಿರುವುದರಿಂದ ಈ ಪ್ರಶ್ನೆ ಹಗುರವಾಗುವುದಿಲ್ಲ, ಬದಲಿಗೆ ಇನ್ನಷ್ಟು ಗಟ್ಟಿಯಾಗುತ್ತದೆ, ಏಕೆಂದರೆ ಹಣ ಕೊಟ್ಟು ಕೊಳ್ಳುವ ಪತ್ರಿಕೆಯನ್ನು ಓದುಗರು ಬೇಡವೆಂದು ನಿಲ್ಲಿಸಬಹುದು, ಕೇಳದೆಯೇ ಗೇಟಿಗೆ ಬಂದು ಬೀಳುವುದನ್ನು ಹಾಗೆ ನಿಲ್ಲಿಸಲು ಬರುವುದಿಲ್ಲ.

ಅದರ ಖರ್ಚನ್ನು ಒಮ್ಮೆ ಲೆಕ್ಕ ಹಾಕಿ ನೋಡಿ. ಟ್ಯಾಬ್ಲಾಯ್ಡ್ ಅಳತೆಯ ಎಂಟು ಪುಟಗಳ ಒಂದು ಪ್ರತಿ, ಚದರ ಮೀಟರಿಗೆ 45 ಗ್ರಾಂ ತೂಗುವ ಸಾಮಾನ್ಯ ನ್ಯೂಸ್‌ಪ್ರಿಂಟಿನಲ್ಲಿ ಸುಮಾರು 20 ಗ್ರಾಂ ಆಗುತ್ತದೆ. 5,000 ಪ್ರತಿ ಹಾಕುತ್ತಾರೆಂದು ಹಿಡಿದರೆ ಒಂದು ಸಂಚಿಕೆಗೆ ಒಂದು ಕ್ವಿಂಟಾಲ್, ವಾರಕ್ಕೆ ಎರಡು ಕ್ವಿಂಟಾಲ್, ವರ್ಷಕ್ಕೆ ಹತ್ತು ಟನ್ನಿಗೂ ಹೆಚ್ಚು ಕಾಗದ ಬೇಕು. ಶಾಯಿ, ಪ್ಲೇಟು, ಮುದ್ರಣದ ಕೂಲಿ, ಸಾಗಾಟ, ಹಂಚುವ ಹುಡುಗರ ಸಂಬಳ ಇದರ ಮೇಲೆ. ಇಷ್ಟನ್ನು ಯಾರೋ ಭರಿಸುತ್ತಿದ್ದಾರೆ. ಜಾಹೀರಾತಿನಿಂದಲೇ ಬರುತ್ತಿದ್ದರೆ ಪುಟಗಳಲ್ಲಿ ಅದು ಕಣ್ಣಿಗೆ ಕಾಣಬೇಕು. ಎಂಟು ಪುಟಗಳಲ್ಲಿ ಎಷ್ಟು ಜಾಗ ಜಾಹೀರಾತಿಗೆ ಹೋಗಿದೆ ಎಂದು ಅಳೆದು ನೋಡಿ. ಅದು ತೀರ ಕಡಿಮೆಯಿದ್ದರೆ ಉಳಿದ ಖರ್ಚನ್ನು ಯಾರು, ಯಾವ ಉದ್ದೇಶಕ್ಕಾಗಿ ಹಾಕುತ್ತಿದ್ದಾರೆ ಎಂದು ಕೇಳಲು ನಿಮಗೆ ಪೂರ್ಣ ಅಧಿಕಾರವಿದೆ.

ಈಗ ಕಾನೂನಿನ ವಿಷಯ. 1867ರ ಪತ್ರಿಕಾ ಮತ್ತು ಪುಸ್ತಕ ನೋಂದಣಿ ಕಾಯ್ದೆ, ನಂತರದ ತಿದ್ದುಪಡಿಗಳೊಡನೆ, ಪತ್ರಿಕೆಯ ಪ್ರತಿಯೊಂದು ಪ್ರತಿಯಲ್ಲಿಯೂ ಒಡೆಯರ ಮತ್ತು ಸಂಪಾದಕರ ಹೆಸರು ಸ್ಪಷ್ಟವಾಗಿ ಅಚ್ಚಾಗಿರಬೇಕೆಂದು ಹೇಳುತ್ತಿತ್ತು. ಮುದ್ರಕರು ಯಾರು, ಎಲ್ಲಿ ಮುದ್ರಣವಾಯಿತು, ಪ್ರಕಾಶಕರು ಯಾರು ಎಂಬುದೂ ಕಡ್ಡಾಯವಾಗಿತ್ತು. 1956ರ ನಿಯಮಗಳ ನಾಲ್ಕನೆಯ ನಮೂನೆಯಂತೆ, ಫೆಬ್ರುವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ, ಶೇಕಡಾ ಒಂದಕ್ಕಿಂತ ಹೆಚ್ಚು ಬಂಡವಾಳ ಹೂಡಿದ ಪಾಲುದಾರರ ಹೆಸರು ಮತ್ತು ವಿಳಾಸವನ್ನೂ ಪ್ರಕಟಿಸಬೇಕಾಗಿತ್ತು. ಮಾರ್ಚ್ ತಿಂಗಳಿನಲ್ಲಿ ಪತ್ರಿಕೆಗಳ ಒಳಪುಟದಲ್ಲಿ ಕಾಣುತ್ತಿದ್ದ ಆ ಸಣ್ಣ ಚೌಕಟ್ಟನ್ನು ನೀವು ನೋಡಿಯೇ ಇರುತ್ತೀರಿ; ಹೆಚ್ಚಿನವರು ಓದದೆ ಬಿಡುತ್ತಿದ್ದ ಆ ಚೌಕಟ್ಟು ನನ್ನ ಮಟ್ಟಿಗೆ ಆ ತಿಂಗಳ ಅತ್ಯಂತ ಮುಖ್ಯವಾದ ಸುದ್ದಿಯಾಗಿರುತ್ತಿತ್ತು. ಹಳೆಯ ಕಾಯ್ದೆಯ ಬದಲು ಬಂದ 2023ರ ಪತ್ರಿಕಾ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಮ್ಯಾಜಿಸ್ಟ್ರೇಟರ ಮುಂದೆ ಹಾಜರಾಗಿ ಘೋಷಣೆ ಸಲ್ಲಿಸುವ ಪದ್ಧತಿ ಹೋಗಿ, ಅರ್ಜಿಗಳೆಲ್ಲ ಆನ್‌ಲೈನ್ ಆಗಿವೆ. ಆದರೆ ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರಿಂದ ನೋಂದಣಿ ಪ್ರಮಾಣಪತ್ರ ಪಡೆಯದೆ ನಿಯತಕಾಲಿಕ ಪ್ರಕಟಿಸಿದರೆ 5 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಗಮನಿಸಬೇಕಾದ ಸಂಗತಿಯೆಂದರೆ, ಈ ಕಾಯ್ದೆ ಪತ್ರಿಕೆ ಎಂದರೇನೆಂದು ವಿವರಿಸುವಾಗ ಬೆಲೆಯ ಮಾತನ್ನೇ ಎತ್ತುವುದಿಲ್ಲ. ಸಾರ್ವಜನಿಕ ಸುದ್ದಿಯನ್ನು ದಿನವೂ ಅಥವಾ ವಾರಕ್ಕೊಮ್ಮೆಯಾದರೂ ಅಚ್ಚು ಹಾಕಿ ಹಂಚಿದರೆ ಅದು ಪತ್ರಿಕೆ. ಉಚಿತವಾಗಿ ಕೊಡುತ್ತೇವೆ, ಆದ್ದರಿಂದ ನಮಗೆ ನಿಯಮವಿಲ್ಲ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ವಿಧಾನಸಭೆ ಮತ್ತು ಲೋಕಸಭೆ ಚುನಾವಣೆಗಳಲ್ಲಿ ಹಂಚುವ ಒಂದು ಪುಟದ ಕರಪತ್ರಕ್ಕೂ ಮುದ್ರಕರ ಮತ್ತು ಪ್ರಕಾಶಕರ ಹೆಸರು, ವಿಳಾಸ ಇರಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಮು ಹೇಳುವಾಗ, ಎಂಟು ಪುಟದ ಪತ್ರಿಕೆಗೆ ವಿನಾಯಿತಿ ಎಲ್ಲಿಂದ ಬರಬೇಕು?

ಉಚಿತ ಪತ್ರಿಕೆ ಎಂಬುದು ತಾನೇ ತಪ್ಪಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. 1995ರ ಫೆಬ್ರುವರಿಯಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಮೆಟ್ರೋ ರೈಲು ನಿಲ್ದಾಣಗಳಲ್ಲಿ ‘ಮೆಟ್ರೋ’ ಎಂಬ ಉಚಿತ ದಿನಪತ್ರಿಕೆ ಆರಂಭವಾಗಿ, ಆ ಮಾದರಿ ಹತ್ತಾರು ದೇಶಗಳಿಗೆ ಹಬ್ಬಿತು. ಲಂಡನ್ನಿನ ಹಳೆಯ ‘ಈವ್ನಿಂಗ್ ಸ್ಟ್ಯಾಂಡರ್ಡ್’ 2009ರ ಅಕ್ಟೋಬರಿನಲ್ಲಿ ಬೆಲೆಯನ್ನು ಕೈಬಿಟ್ಟು ಉಚಿತವಾಯಿತು. ಇವೆರಡರ ಹಿಂದೆ ಯಾರಿದ್ದಾರೆಂಬುದು ಓದುಗರಿಗೆ ತಿಳಿದಿತ್ತು.

ಐಸ್‌ಲ್ಯಾಂಡಿನ ಕಥೆ ಬೇರೆ, ಅದೇ ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದದ್ದು. ನಮ್ಮ ಉತ್ತರ ಕನ್ನಡ ಜಿಲ್ಲೆಯ ಐದನೆಯ ಒಂದು ಪಾಲಿನಷ್ಟು ಜನರಿದ್ದ ಆ ದೇಶದಲ್ಲಿ 2001ರಲ್ಲಿ ‘ಫ್ರೆಟ್ಟಾಬ್ಲಾದಿದ್’ ಎಂಬ ಉಚಿತ ದಿನಪತ್ರಿಕೆ ಮನೆಮನೆಗೆ ಬರತೊಡಗಿತು. ಮರುವರ್ಷ ಅದು ದಿವಾಳಿಯಾಗಿ ಹೊಸ ಕೈಗೆ ಹೋಯಿತು, ಆದರೆ ಆ ಕೈ ಯಾರದೆಂದು ಹೇಳಲಿಲ್ಲ. ದೇಶದ ಅತಿ ದೊಡ್ಡ ಚಿಲ್ಲರೆ ಅಂಗಡಿಗಳ ಸಮೂಹವನ್ನು ನಡೆಸುತ್ತಿದ್ದ ಯೋನ್ ಆಸ್ಗೇರ್ ಯೋಹಾನೆಸ್ಸನ್ ಅವರೇ ಅದರ ಮುಖ್ಯ ಒಡೆಯರೆಂಬುದು 2003ರಲ್ಲಿ ಬಹಿರಂಗವಾಯಿತು. ಅಲ್ಲಿಯವರೆಗೆ ಓದುಗರು ಅಂಗಡಿ, ಬೆಲೆ, ರಾಜಕೀಯಗಳ ಕುರಿತು ಓದಿದ ಪ್ರತಿಯೊಂದು ಸಾಲನ್ನೂ ಹಿಂದಿರುಗಿ ಹೊಸ ಕಣ್ಣಿನಿಂದ ನೋಡಬೇಕಾಯಿತು. ಮಾಧ್ಯಮಗಳ ಒಡೆತನವನ್ನು ಮಿತಿಗೊಳಿಸುವ ಮಸೂದೆಯನ್ನು ಅಲ್ಲಿನ ಸಂಸತ್ತು 2004ರಲ್ಲಿ ಅಂಗೀಕರಿಸಿತು. ಅಧ್ಯಕ್ಷರು ಅದಕ್ಕೆ ಸಹಿ ಹಾಕಲು ಒಪ್ಪಲಿಲ್ಲ, ಕೊನೆಗೆ ಅದನ್ನು ಹಿಂದಕ್ಕೆ ಪಡೆಯಲಾಯಿತು. ಅಮೆರಿಕದ ಲಾಸ್ ವೇಗಸ್ ನಗರದಲ್ಲಿಯೂ, ಉಚಿತ ಪತ್ರಿಕೆಯ ವಿಷಯದಲ್ಲಿ ಅಲ್ಲದಿದ್ದರೂ, ಇಂತಹುದೇ ಆಯಿತು. 2015ರ ಡಿಸೆಂಬರಿನಲ್ಲಿ ‘ರಿವ್ಯೂ-ಜರ್ನಲ್’ ಪತ್ರಿಕೆ 14 ಕೋಟಿ ಡಾಲರಿಗೆ ಮಾರಾಟವಾಗಿ, ಕೊಂಡವರ ಹೆಸರನ್ನು ಸಿಬ್ಬಂದಿಗೂ ತಿಳಿಸಲಿಲ್ಲ. ಆಗ ಅದೇ ಪತ್ರಿಕೆಯ ವರದಿಗಾರರು ತಮ್ಮ ಕೆಲಸವನ್ನೇ ಪಣಕ್ಕಿಟ್ಟು ತನಿಖೆ ಮಾಡಿ, ಕ್ಯಾಸಿನೋ ಉದ್ಯಮಿ ಷೆಲ್ಡನ್ ಅಡೆಲ್ಸನ್ ಅವರ ಕುಟುಂಬವೇ ಅದನ್ನು ಕೊಂಡಿದೆ ಎಂದು ಒಂದು ವಾರದೊಳಗೆ ತಮ್ಮ ಪತ್ರಿಕೆಯಲ್ಲಿಯೇ ಬರೆದರು. ಅವರ ಬಗ್ಗೆ ನನಗೆ ಅಪಾರ ಗೌರವವಿದೆ.

ಒಡೆಯರಿಗೆ ತಮ್ಮದೇ ಅಭಿಪ್ರಾಯ ಇರಬಾರದೆಂದು ನಾನು ಹೇಳುತ್ತಿಲ್ಲ. ದಿನಕರ ದೇಸಾಯಿಯವರು ಅಂಕೋಲೆಯಿಂದ ‘ಜನಸೇವಕ’ ವಾರಪತ್ರಿಕೆ ತರುತ್ತಿದ್ದಾಗ ಅದು ಯಾರ ಪರವಾಗಿ ಮಾತನಾಡುತ್ತದೆ ಎಂಬ ಸಂಶಯ ಯಾರಿಗೂ ಇರಲಿಲ್ಲ. ಒಪ್ಪದವರು ಹೆಸರು ಹಿಡಿದು ವಿರೋಧಿಸಬಹುದಿತ್ತು. ಹೆಸರು ಮರೆಮಾಡಲೇಬೇಕಾದ ಕಾಲವೂ ಇತ್ತು. 1942ರ ಚಳವಳಿಯಲ್ಲಿ ಗುಪ್ತ ಕರಪತ್ರಗಳನ್ನು ಅಚ್ಚು ಹಾಕಿದವರು ಸೆರೆಮನೆಯ ಭಯದಿಂದ ಹೆಸರು ಹಾಕುತ್ತಿರಲಿಲ್ಲ. ಇಂದು ಶಿರಸಿಯಲ್ಲಿ ಅಡಿಕೆ ಧಾರಣೆ ಮತ್ತು ನಗರಸಭೆಯ ಸುದ್ದಿ ಪ್ರಕಟಿಸುವವರಿಗೆ ಅಂತಹ ಭಯಕ್ಕೆ ಕಾರಣವಿಲ್ಲ.

ನಮ್ಮ ಜಿಲ್ಲೆಯಲ್ಲಿ ಇದು ಏಕೆ ಮುಖ್ಯವೆಂದರೆ, ಇಲ್ಲಿ ಈಗ ದೊಡ್ಡ ತೀರ್ಮಾನಗಳ ಚರ್ಚೆ ನಡೆಯುತ್ತಿದೆ. ಬೇಡ್ತಿ-ವರದಾ ನದಿ ಜೋಡಣೆ, ಹುಬ್ಬಳ್ಳಿ-ಅಂಕೋಲಾ ರೈಲು ಮಾರ್ಗ, ಕೇಣಿಯ ಬಂದರು, ಶಿರಸಿ ಪ್ರತ್ಯೇಕ ಜಿಲ್ಲೆಯ ಬೇಡಿಕೆ: ಇವುಗಳಲ್ಲಿ ಪ್ರತಿಯೊಂದರಲ್ಲಿಯೂ ಕೆಲವರಿಗೆ ಲಾಭ, ಕೆಲವರಿಗೆ ಮನೆ, ತೋಟ ಅಥವಾ ಮೀನುಗಾರಿಕೆಯ ನಷ್ಟ ಇದೆ. ಹೊಸ ಪತ್ರಿಕೆಯ ಸಂಚಿಕೆಗಳನ್ನು ಎಸೆಯದೆ ಜೋಡಿಸಿಟ್ಟು, ಇವುಗಳ ಬಗ್ಗೆ ಅದು ಏನು ಬರೆಯುತ್ತದೆ ಎನ್ನುವುದಕ್ಕಿಂತ ಯಾವುದರ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ ಎಂಬುದನ್ನು ಎರಡು ಮೂರು ತಿಂಗಳು ಗಮನಿಸಿ.

ಒಡೆಯರನ್ನು ತಿಳಿಯುವ ದಾರಿಗಳಿವೆ. ಮೊದಲು ಪತ್ರಿಕೆಯ ಹೆಸರನ್ನು ಪ್ರೆಸ್ ರಿಜಿಸ್ಟ್ರಾರ್ ಜನರಲ್ ಅವರ ಜಾಲತಾಣದಲ್ಲಿ ನೋಂದಾಯಿತ ಶೀರ್ಷಿಕೆಗಳ ನಡುವೆ ಹುಡುಕಿ. ಅಲ್ಲಿ ಸಿಗದಿದ್ದರೆ, ಈ ಹೆಸರಿನ ಪತ್ರಿಕೆಯ ನೋಂದಣಿಗೆ ಅರ್ಜಿ ಬಂದಿದೆಯೇ, ಬಂದಿದ್ದರೆ ಒಡೆಯರು ಮತ್ತು ಪ್ರಕಾಶಕರೆಂದು ಯಾರ ಹೆಸರಿದೆ ಎಂದು ಕಾರವಾರದ ಜಿಲ್ಲಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನಗಳ ಅವಧಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕು, ಇಲ್ಲದಿದ್ದರೆ ಅದೇ ನೆಪವಾಗಿ ಹಿಂದಕ್ಕೆ ಬರಬಹುದು. ಒಡೆಯರು ಕಂಪನಿಯಾಗಿದ್ದರೆ ಅದರ ನಿರ್ದೇಶಕರ ಹೆಸರನ್ನು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಒಂದು ಕಂಪನಿಯ ಹಿಂದೆ ಇನ್ನೊಂದು ಕಂಪನಿ ಇಟ್ಟು ಹೆಸರು ಮರೆಸುವುದು ಹೊಸದಲ್ಲ, ಆಗ ಹುಡುಕಾಟ ದೀರ್ಘವಾಗುತ್ತದೆ.

ಅಲ್ಲಿಯವರೆಗೆ, ಊರಿನಲ್ಲಿ ಓಡಾಡುತ್ತಿರುವ ಹೆಸರುಗಳಲ್ಲಿ ಯಾವುದನ್ನೂ ತಾವು ಮುಂದಕ್ಕೆ ದಾಟಿಸಬಾರದೆಂದು ವಿನಂತಿಸುತ್ತೇನೆ. ದಾಖಲೆ ಇಲ್ಲದೆ ಒಬ್ಬರ ಮೇಲೆ ಹೊರಿಸಿದರೆ, ಹೆಸರಿಲ್ಲದ ಪತ್ರಿಕೆ ಮಾಡುತ್ತಿರುವ ತಪ್ಪನ್ನೇ ನಾವೂ ಮಾಡಿದಂತಾಗುತ್ತದೆ.

ಪ್ರಶ್ನೆ: ಅದೇ ಪತ್ರಿಕೆ ಕಾರವಾರದಲ್ಲಿಯೂ ಆರಂಭವಾಗಲಿದೆ ಎಂದು ಹೇಳಿಕೊಂಡು ಇಬ್ಬರು ನಮ್ಮ ಅಂಗಡಿಗೆ ಬಂದಿದ್ದರು. ವರ್ಷವಿಡೀ ಅರ್ಧ ದರದಲ್ಲಿ ಜಾಹೀರಾತು ಹಾಕುತ್ತೇವೆ, ಹಣವನ್ನು ಮುಂಗಡವಾಗಿ ನಗದಿನಲ್ಲಿ ಕೊಡಿ ಎನ್ನುತ್ತಾರೆ. ಕೊಡಬಹುದೇ?
– ಬಟ್ಟೆ ವ್ಯಾಪಾರಿ, ಕಾರವಾರ

ಉತ್ತರ: ನಗದಿನಲ್ಲಿ ಬೇಡ. ಬ್ಯಾಂಕ್ ಖಾತೆಗೆ ಅಥವಾ ಯುಪಿಐ ಮೂಲಕ ಕೊಡುತ್ತೇನೆ ಎಂದು ಹೇಳಿ. ಹಣ ಕಳಿಸುವ ಮುನ್ನ ಪರದೆಯ ಮೇಲೆ ಖಾತೆದಾರರ ಹೆಸರು ಕಾಣಿಸುತ್ತದೆ. ನಂತರ ಬಿಲ್ ಕೇಳಿ. ಬಿಲ್ಲಿನಲ್ಲಿ ಜಿಎಸ್‌ಟಿ ಸಂಖ್ಯೆ ಇದ್ದರೆ ಅದು ಕರ್ನಾಟಕದ ನೋಂದಣಿಯಾದಲ್ಲಿ 29ರಿಂದ ಆರಂಭವಾಗುತ್ತದೆ. ಅದನ್ನು ಜಿಎಸ್‌ಟಿ ಜಾಲತಾಣದಲ್ಲಿ ಹಾಕಿದರೆ ವ್ಯವಹಾರದ ಕಾನೂನುಬದ್ಧ ಹೆಸರು, ಅದು ಒಬ್ಬರದೋ ಪಾಲುದಾರಿಕೆಯೋ ಕಂಪನಿಯೋ ಎಂಬುದೂ ತಿಳಿಯುತ್ತದೆ. ಶಿರಸಿಯ ಶಿಕ್ಷಕರಿಗೆ 30 ದಿನ ಕಾದು ಸಿಗಬೇಕಾದ ಉತ್ತರ ನಿಮಗೆ ಐದು ನಿಮಿಷದಲ್ಲಿ ಸಿಗುವ ಸಾಧ್ಯತೆ ಇದೆ. ತೀರ ಸಣ್ಣ ವಹಿವಾಟಿನವರಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ, ಆದ್ದರಿಂದ ಸಂಖ್ಯೆ ಇಲ್ಲವೆಂದ ಮಾತ್ರಕ್ಕೆ ಮೋಸವೆಂದು ತೀರ್ಮಾನಿಸಬೇಡಿ. ಆದರೆ ಬಿಲ್ಲನ್ನೇ ಕೊಡಲು ಒಪ್ಪದವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ, ಆದಾಯ ತೆರಿಗೆಯ ಲೆಕ್ಕದಲ್ಲಿ ಅದನ್ನು ವ್ಯಾಪಾರದ ಖರ್ಚೆಂದು ತೋರಿಸಲು ಬರುವುದಿಲ್ಲ ಎಂಬುದೂ ನೆನಪಿರಲಿ.

ಪ್ರಶ್ನೆ: ಪತ್ರಿಕೋದ್ಯಮದಲ್ಲಿ ಪದವಿ ಮುಗಿಸಿದ್ದೇನೆ. ಈ ಹೊಸ ಪತ್ರಿಕೆಯವರು ಕರಾವಳಿ ತಾಲೂಕುಗಳ ವರದಿಗಾರ್ತಿಯಾಗಿ ಬನ್ನಿ ಎಂದು ಫೋನಿನಲ್ಲಿಯೇ ಕೆಲಸ ಕೊಟ್ಟಿದ್ದಾರೆ. ನೇಮಕಾತಿ ಪತ್ರ ಮುಂದೆ ಕೊಡುತ್ತಾರಂತೆ. ಮನೆಯಲ್ಲಿ ಕೆಲಸದ ಅಗತ್ಯವಿದೆ. ಸೇರಬಹುದೇ?
– ಯುವತಿ, ಕುಮಟಾ

ಉತ್ತರ: ನಿಮ್ಮ ಪತ್ರವೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿತು. ಒಡೆಯರು ತೆರೆಯ ಹಿಂದಿರುವ ಪತ್ರಿಕೆಯಲ್ಲಿ ಹೊರಗಿನ ಲೋಕಕ್ಕೆ ಕಾಣುವುದು ಊರೂರು ಅಲೆದು ಸುದ್ದಿ ತರುವ ವರದಿಗಾರರ ಮುಖ ಮಾತ್ರ. ಯಾರದೋ ಸೂಚನೆಯಂತೆ ಬಂದರಿನ ಬಗ್ಗೆಯೋ ಜಮೀನಿನ ಬಗ್ಗೆಯೋ ಬರೆದ ವರದಿಯಿಂದ ಮಾನಹಾನಿಯ ದೂರು ಬಂದರೆ, ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಡಿ ಉತ್ತರ ಕೊಡಬೇಕಾದವರಲ್ಲಿ ನೀವೂ ಒಬ್ಬರಾಗುತ್ತೀರಿ. ಆಗ ನಿಮ್ಮ ಪರವಾಗಿ ವಕೀಲರನ್ನು ಇಡಬೇಕಾದವರು ಯಾರೆಂದು ನಿಮಗೇ ಗೊತ್ತಿರುವುದಿಲ್ಲ. ಸಂಬಳ ಬಾಕಿಯಾದರೆ ಯಾರ ಮೇಲೆ ದೂರು ಕೊಡಬೇಕೆಂಬುದೂ ತಿಳಿಯುವುದಿಲ್ಲ. ಕೆಲಸದ ಅಗತ್ಯವನ್ನು ನಾನು ಬಲ್ಲೆ, ಆದ್ದರಿಂದ ಬೇಡವೆಂದು ಒಮ್ಮೆಲೇ ಹೇಳುವುದಿಲ್ಲ. ನೇಮಕಾತಿ ಪತ್ರ ಕೈಗೆ ಬಂದ ಮೇಲೆ, ಅದರಲ್ಲಿ ಸಂಸ್ಥೆಯ ಪೂರ್ಣ ಹೆಸರು, ಕಚೇರಿಯ ವಿಳಾಸ, ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಇದ್ದರೆ ಮಾತ್ರ ಸೇರಿ. ಸಂಪಾದಕರನ್ನು ಎದುರಿಗೆ ಭೇಟಿಯಾಗಿ, ಈ ಪತ್ರಿಕೆಯ ಒಡೆಯರು ಯಾರು ಎಂದು ವಿನಯದಿಂದ ಕೇಳಿ. ವರದಿಗಾರ್ತಿಯಾಗಿ ನೀವು ಕೇಳುವ ಮೊದಲ ಪ್ರಶ್ನೆ ಅದೇ ಆಗಲಿ. ಉತ್ತರ ಸಿಗದಿದ್ದರೆ ಅಲ್ಲಿಂದ ಎದ್ದು ಬನ್ನಿ. ಸೇರಿದರೆ, ನೀವು ಕಳಿಸಿದ ಪ್ರತಿಯೊಂದು ವರದಿಯ ಮೂಲ ಪ್ರತಿಯನ್ನೂ, ಅದು ಅಚ್ಚಾದ ಪುಟವನ್ನೂ ದಿನಾಂಕ ಬರೆದು ಮನೆಯಲ್ಲಿ ಇಟ್ಟುಕೊಳ್ಳಿ. ಭಾರತೀಯ ಪತ್ರಿಕಾ ಮಂಡಳಿಗೆ ದಿನಪತ್ರಿಕೆ, ವಾರಪತ್ರಿಕೆಗಳ ಕುರಿತು ದೂರು ಸಲ್ಲಿಸಲು ಪ್ರಕಟಣೆಯಿಂದ ಎರಡು ತಿಂಗಳ ಅವಧಿ ಇರುವುದರಿಂದ, ನೀವು ಬರೆದದ್ದು ಮತ್ತು ಅವರು ಅಚ್ಚು ಹಾಕಿದ್ದು ಬೇರೆ ಬೇರೆಯಾಗಿದ್ದರೆ ಅದನ್ನು ತೋರಿಸಲು ಕನಿಷ್ಠ ಅಷ್ಟು ದಿನವಾದರೂ ಆ ಕಾಗದಗಳು ನಿಮ್ಮ ಬಳಿ ಇರಬೇಕು.