ಸಂಪಾದಕರ ಉತ್ತರ: ಹೊರಡುವ ಹೊತ್ತನ್ನು ಹೊಳೆಯೇ ಹೇಳಲಿ

ಮೈಸೂರಿನ ಓದುಗರೊಬ್ಬರ ಪತ್ರದ ಸಾರಾಂಶ: ನಿವೃತ್ತಿಯಾದ ಮೇಲೆ ಗಾಳಿ ತುಂಬುವ ಕಯಾಕ್ ಕೊಂಡಿದ್ದೇನೆ. ಈಜು ಬರುತ್ತದೆ, ಕೆರೆಯಲ್ಲಿ ಅಭ್ಯಾಸವೂ ಆಗಿದೆ. ಡಿಸೆಂಬರಿನಲ್ಲಿ ಕಾರಿನಲ್ಲಿ ಒಬ್ಬನೇ ಹೊರಟು ಸಾಗರ, ಕುಮಟಾ, ಸಾಲಿಗ್ರಾಮ ಸುತ್ತಿ, ಹುಟ್ಟು ಹಾಕಿ, ಟೆಂಟ್ ಹೊಡೆದು ಬರುವ ಆಸೆ. ಮೂರೂ ಕಡೆ ಹಾಸ್ಟೆಲ್ ಕಾಲದ ಗೆಳೆಯರಿದ್ದಾರೆ. ಹೇಳಿ ಹೋದರೆ ಎರಡು ದಿನ ಬಿಡುವುದಿಲ್ಲ, ಹೇಳದೆ ಬಂದರೆ ಬೇಜಾರು. ಒಂಟಿ ಪ್ರವಾಸ ಊಟದ ಪ್ರವಾಸವಾಗಿ ಹೋದೀತು. ಏನು ಮಾಡಲಿ?

ಹೇಳಿಯೇ ಹೋಗಿ. ದಾಕ್ಷಿಣ್ಯಕ್ಕೆ ಹೇಳುತ್ತಿಲ್ಲ. ಒಬ್ಬರೇ ನೀರಿಗಿಳಿಯುವವರಿಗೆ ದಡದಲ್ಲಿ ಒಬ್ಬರು ಬೇಕೇ ಬೇಕು. ಎಲ್ಲಿ ಇಳಿಯುತ್ತೀರಿ, ಎಲ್ಲಿ ಹತ್ತುತ್ತೀರಿ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೀರಿ ಎಂಬುದು ಅವರಿಗೆ ಗೊತ್ತಿರಬೇಕು. ಫೋನ್ ಬರದಿದ್ದರೆ ಏನು ಮಾಡಬೇಕೆಂಬುದೂ. ಮೈಸೂರಿನಲ್ಲಿರುವ ಮನೆಯವರಿಗೆ ಮಾತ್ರ ಹೇಳಿದರೆ ಅವರು ಗಾಬರಿಯಾಗಬಹುದು, 112ಕ್ಕೆ ಫೋನ್ ಮಾಡಬಹುದು, ಅಷ್ಟೆ. ಹೊಳೆ ಬದಿಯ ಗೆಳೆಯನಾದರೆ ಪಕ್ಕದ ಮನೆಯವರ ದೋಣಿ ಹೊರಡಿಸುತ್ತಾನೆ. ಗೆಳೆಯರಿಗೇ ಈ ಕೆಲಸ ಒಪ್ಪಿಸಿ. ನಿಮ್ಮನ್ನು ಕೂಡಿಹಾಕಿಕೊಳ್ಳುವ ಹಟವೂ ಆಗ ಸ್ವಲ್ಪ ಇಳಿಯುತ್ತದೆ.

ಬಿಡಿಸಿಕೊಂಡು ಹೊರಡುವ ಉಪಾಯವೂ ನೀರಿನಲ್ಲೇ ಇದೆ. ಕರಾವಳಿಯಲ್ಲಿ ಕಡಲಿನ ಉಬ್ಬರಕ್ಕೆ ಭರತ ಅನ್ನುತ್ತಾರೆ. 'ಭರತ ಇಳಿಯುವುದರೊಳಗೆ ಹೊರಡಬೇಕು' ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಅಲ್ಲಿ ಎಲ್ಲರಿಗೂ ಅದು ಗೊತ್ತು. ಎರಡು ಭರತಗಳ ನಡುವೆ ಸುಮಾರು ಹನ್ನೆರಡೂವರೆ ಗಂಟೆ. ದಿನದಿಂದ ದಿನಕ್ಕೆ ಮುಕ್ಕಾಲು ಗಂಟೆಯ ಮೇಲೆ ತಡ. ಹಾಗಾಗಿ ಕ್ಯಾಲೆಂಡರ್ ನೋಡಿ ಊರು ಹಂಚಬೇಡಿ. ಮೊದಲು ಭರತ-ಇಳಿತದ ಪಟ್ಟಿ ನೋಡಿ, ಆಮೇಲೆ ಗೆಳೆಯರಿಗೆ ಫೋನ್ ಮಾಡಿ.

ಸಾಗರದಲ್ಲಿ ಈ ನೆಪ ನಡೆಯುವುದಿಲ್ಲ. ಹಿನ್ನೀರಿಗೆ ಎಲ್ಲಿಯ ಭರತ? ಅಲ್ಲಿ ಗಾಳಿಯ ಹೆಸರು ಹೇಳಿ. ಲಿಂಗನಮಕ್ಕಿಯ ಹಿನ್ನೀರು ಬೆಳಗ್ಗೆ ಸುಮ್ನೆ ಬಿದ್ದುಕೊಂಡಿರುತ್ತದೆ. ಮಧ್ಯಾಹ್ನ ಗಾಳಿ ಎದ್ದರೆ ಅಷ್ಟು ಅಗಲದ ನೀರಿನಲ್ಲಿ ಅಲೆ ಜೋರು, ಹಗುರದ ಕಯಾಕ್ ಹೇಳಿದ ಮಾತು ಕೇಳುವುದಿಲ್ಲ. ಬೆಳಕು ಹರಿಯುತ್ತಲೇ ಇಳಿದು ಹತ್ತು ಗಂಟೆಯೊಳಗೆ ದಡ ಸೇರಿ. ನೀರಿನಡಿ ಒಣಮರಗಳ ಬೊಡ್ಡೆಗಳಿವೆ. ಗಾಳಿ ತುಂಬಿದ ದೋಣಿಗೆ ಅವು ಒಳ್ಳೆಯದಲ್ಲ.

ಇನ್ನೊಂದು ವಿಷಯ. ಡಿಸೆಂಬರ್ ಅಂದರೆ ಅಲ್ಲಿ ಅಡಿಕೆ ಕೊಯ್ಲು. ನಿಮ್ಮ ಗೆಳೆಯರಿಗೆ ನಿಮಗಿಂತ ಮರ ಹತ್ತಿ ಅಡಿಕೆ ಗೊನೆ ಇಳಿಸುವ ಕೊನೆಗೌಡ ಮುಖ್ಯ. ಅವನು ಬರುವ ದಿನ ಯಾವುದು ಅಂತ ಮೊದಲೇ ಕೇಳಿ, ಆ ದಿನವೇ ಹೋಗಿ! ರಾತ್ರಿ ಅಂಗಳದಲ್ಲಿ ಎಲ್ಲರೂ ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುತ್ತಾರೆ. ಕೈ ಓಡುತ್ತಿರುತ್ತದೆ, ಬಾಯಿ ಖಾಲಿ. ಹಳೇ ಗೆಳೆಯರು ಎದುರುಬದುರು ಕುರ್ಚಿ ಹಾಕಿಕೊಂಡು 'ಮತ್ತೇನು ಸಮಾಚಾರ' ಅನ್ನುವುದಕ್ಕಿಂತ ಅದು ಎಷ್ಟೋ ಮೇಲು. ಟೆಂಟ್ ಅಂಗಳದ ಮೂಲೆಯಲ್ಲೇ ಹೊಡೆಯಿರಿ. 'ಒಳಗೆ ಮಲಗು ಮಾರಾಯ' ಅಂತಾರೆ. ಒಪ್ಪಬೇಡಿ. ಕಾಡಿನ ಜಾಗದಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಟೆಂಟ್ ಹೊಡೆಯುವ ಹಾಗಿಲ್ಲ, ಹಿನ್ನೀರಿನ ಸುತ್ತ ಬಹಳಷ್ಟು ಕಾಡೇ.

ಸಾಗರದ ಗೆಳೆಯರ ಅಜ್ಜನ ತೋಟ ಮುಳುಗಡೆಯಾಗಿತ್ತು ಅಂತ ಪತ್ರದ ಕೊನೆಯಲ್ಲಿ ಒಂದು ಸಾಲು ಬರೆದಿದ್ದೀರಿ. ಅದನ್ನು ನಾನಾಗಿದ್ದರೆ ಮೊದಲ ಸಾಲಿನಲ್ಲೇ ಬರೆಯುತ್ತಿದ್ದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು, ಗದ್ದೆ, ತೋಟ ಮಾತ್ರವಲ್ಲ, ಅದಕ್ಕೂ ಹಿಂದಿನ ಮಡೆನೂರು ಅಣೆಕಟ್ಟೂ ಮುಳುಗಿತು. ಬೇಸಿಗೆಯಲ್ಲಿ ನೀರು ತೀರಾ ಇಳಿದಾಗ ಅದು ಮೇಲೆ ಕಾಣುತ್ತದೆ. ನೀವು ಹುಟ್ಟು ಹಾಕುವುದು ಯಾರದೋ ಗದ್ದೆಯ ಮೇಲೆ. ನಕ್ಷೆ ಹಾಸಿ, ಎಲ್ಲಿ ಏನಿತ್ತು ಅಂತ ಗೆಳೆಯರನ್ನು ಕೇಳಿ ನೋಡಿ. ಅವರಿಗೆ ಮಾತಾಡುವ ಮನಸ್ಸಿಲ್ಲದಿದ್ದರೆ ಬಿಟ್ಟುಬಿಡಿ. ಹೇಳಿದರೆ ಮಾತ್ರ ಬರೆದುಕೊಳ್ಳಿ. ನಮ್ಮ ಪತ್ರಿಕೆಗೂ ಬೇಕು.

ಸಾಗರದಿಂದ ತಾಳಗುಪ್ಪ, ಗೇರುಸೊಪ್ಪ ದಾಟಿ ಹೊನ್ನಾವರಕ್ಕೆ ಇಳಿಯಿರಿ. ಗೇರುಸೊಪ್ಪ ಅಣೆಕಟ್ಟಿನ ಕೆಳಗೆ ಶರಾವತಿ ಚೆಂದ ಕಾಣುತ್ತಾಳೆ, ಆದರೆ ವಿದ್ಯುತ್ ಉತ್ಪಾದನೆಗೆ ತಕ್ಕಂತೆ ನೀರು ಬಿಡುತ್ತಾರೆ. ಅಲ್ಲಿ ಹೊಸಬರು ಒಬ್ಬರೇ ಇಳಿಯುವುದು ಬೇಡ.

ಕುಮಟಾದ ಅಘನಾಶಿನಿಗೆ ಅಣೆಕಟ್ಟಿನ ಕಾಟವಿಲ್ಲ. ಇಲ್ಲಿ ಆಟವೆಲ್ಲ ಕಡಲಿನದು. ಮಿರ್ಜಾನ್ ಕಡೆಯಿಂದ ಇಳಿತದ ಜೊತೆ ಕೆಳಗೆ ಹೋಗಿ, ಭರತದ ಜೊತೆ ವಾಪಸ್ ಬನ್ನಿ. ತದಡಿಯ ಬಂದರು ಕಾಣುತ್ತಲೇ ತಿರುಗಿ. ಇಳಿತದ ಹೊತ್ತಿನಲ್ಲಿ ಹೊಳೆ ಕಡಲು ಸೇರುವ ಅಳಿವೆಯ ಹತ್ತಿರ ಹೋದರೆ ಹೊಳೆ ನಿಮ್ಮನ್ನು ಕಡಲಿಗೆ ತಳ್ಳುತ್ತದೆ. ಬೇಗನೇ ಹೊರಡಿ, ಮಧ್ಯಾಹ್ನದ ಮೇಲೆ ಕಡಲಿನಿಂದ ಗಾಳಿ ಏಳುತ್ತದೆ. ನೀರು ಇಳಿದಾಗ ಸೊಂಟದವರೆಗೆ ನೀರಲ್ಲಿ ನಿಂತು ಬಳಚು (ಚಿಪ್ಪುಮೀನು) ಹೆಕ್ಕುವವರು ಸಿಗುತ್ತಾರೆ. ಅವರ ಮಧ್ಯೆ ನುಗ್ಗಬೇಡಿ, ಬಳಸಿಕೊಂಡು ಹೋಗಿ. ಗಜನಿ ಅನ್ನುವ ಉಪ್ಪುನೀರಿನ ಗದ್ದೆಯ ಕಟ್ಟೆಗೂ ದೋಣಿ ತಾಗಿಸಬೇಡಿ. ಕಲ್ಲಿಗೆ ಅಂಟಿದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಪಂಕ್ಚರ್ ಕಿಟ್ ಕಾರಿನಲ್ಲಲ್ಲ, ದೋಣಿಯಲ್ಲಿರಲಿ. ಲೈಫ್ ಜಾಕೆಟ್ ಮೈಮೇಲಿರಲಿ.

ಕುಮಟಾದ ಗೆಳೆಯರ ಜೊತೆ ಮಾತು ಬಿಟ್ಟು ತುಂಬಾ ವರ್ಷವಾಗಿದೆ, ಸುಮ್ನೆ ಹಿತ್ತಿಲಿನ ದಡಕ್ಕೆ ದೋಣಿ ಹಚ್ಚಿ ಅಚ್ಚರಿಪಡಿಸಲೇ ಅಂತ ಕೇಳಿದ್ದೀರಿ. ಬೇಡ. ಸಿನಿಮಾದಲ್ಲಿ ಚೆನ್ನಾಗಿರುತ್ತದೆ. ಇಳಿತದಲ್ಲಿ ಹೋದರೆ ಮೊಣಕಾಲು ಕೆಸರಿನಲ್ಲಿ ಹೂತು, ಅವರನ್ನೇ 'ಎಳೆಯೋ' ಅಂತ ಕೂಗಬೇಕಾಗುತ್ತದೆ. ಈಗಲೇ ಒಂದು ಕಾಗದ ಹಾಕಿ. ಜಗಳದ ವಿಷಯ ಎತ್ತದೆ, ಬರುವ ದಿನ ಮಾತ್ರ ಬರೆಯಿರಿ. ಉತ್ತರ ಬಂದರೆ ಹೋಗಿ. ಬಾರದಿದ್ದರೆ ದಡ ಕಾಯಲು ಅಲ್ಲಿನ ದೋಣಿಯವರೊಬ್ಬರಿಗೆ ಹೇಳಿ, ಹೊಳೆ ಮಾತ್ರ ನೋಡಿಕೊಂಡು ಬನ್ನಿ.

ದಾಂಡೇಲಿಯನ್ನೂ ಸೇರಿಸಿಕೊಳ್ಳಲೇ ಅಂದಿದ್ದೀರಿ. ಕಾಳಿಯಲ್ಲಿ ಮೊಸಳೆಗಳಿವೆ. ಹೊಳೆಯಂಚಿನಲ್ಲಿ ಒಬ್ಬರೇ ಟೆಂಟ್ ಹೊಡೆಯುವ ಜಾಗ ಅದಲ್ಲ.

ಸಾಲಿಗ್ರಾಮ ಕೊನೆಗಿಟ್ಟಿದ್ದು ಸರಿಯಾಯಿತು. ಮರವಂತೆ ದಾಟುವಾಗ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಅಲ್ಲಿ ಕಾರು ನಿಲ್ಲಿಸಿ ನೋಡಿ, ಇಳಿಯಬೇಡಿ. ಸಾಲಿಗ್ರಾಮದ ಪಾರಂಪಳ್ಳಿಯಲ್ಲಿ ಸೀತಾ ಹೊಳೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ನಿಧಾನ ಹರಿಯುತ್ತದೆ. ಅಲ್ಲಿನವರು ಇಬ್ಬರು ಕೂರುವ ಕಯಾಕ್ ಬಾಡಿಗೆಗೆ ಕೊಡುತ್ತಾರೆ. ನಿಮ್ಮದನ್ನು ಅವತ್ತು ಕಾರಿನಲ್ಲೇ ಬಿಟ್ಟು, ಗೆಳೆಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋಗಿ. ಒಂಟಿ ಪ್ರವಾಸದ ನಿಯಮ ಮುರಿಯಿತು ಅಂತ ಯಾರೂ ಲೆಕ್ಕ ಕೇಳುವುದಿಲ್ಲ. ಅವರಿಗೆ ಮಂಡಿ ನೋವು ಅಂದಿರಲ್ವಾ, ಕೂರುವುದಕ್ಕಿಂತ ಏಳುವುದು ಕಷ್ಟ. ಎತ್ತರ ಕಟ್ಟೆಯಿರುವ ಕಡೆ ದೋಣಿ ಹಚ್ಚಲು ಬಾಡಿಗೆಯವರಿಗೆ ಮೊದಲೇ ಹೇಳಿಡಿ.