ನಲ್ಲಿ ಬಿಟ್ಟುಕೊಂಡು ತೆಗೆದುಕೊಳ್ಳುವ ಇನ್ಹೇಲರ್

ಆಸ್ತಮಾ ಇನ್ಹೇಲರನ್ನು ಮನೆಯವರಿಗೆ ಗೊತ್ತಾಗದ ಹಾಗೆ ಕದ್ದು ತೆಗೆದುಕೊಳ್ಳುವ ಪ್ರಕರಣ ನನ್ನ ಹತ್ತಿರ ಪದೇ ಪದೇ ಬರುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಹೊಸದಾಗಿ ಮದುವೆಯಾದ ಹುಡುಗಿ. ಅತ್ತೆ ಮನೆ ರಾಜಾಜಿನಗರದ ಕಡೆ. ಚಿಕ್ಕಂದಿನಿಂದ ಆಸ್ತಮಾ. ಬೆಳಿಗ್ಗೆ, ರಾತ್ರಿ ತಪ್ಪದೆ ತೆಗೆದುಕೊಳ್ಳಲು ಡಾಕ್ಟರ್ ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇನ್ಹೇಲರ್ ಬರೆದಿದ್ದರು. ಆದರೂ ಬೆಂಗಳೂರಿನ ಚಳಿ ಶುರುವಾದ ಮೇಲೆ ನಡುರಾತ್ರಿ ಕೆಮ್ಮಿ ಎದ್ದು ಕೂರುತ್ತಿದ್ದಳು. ತುರ್ತಿಗೆ ಅಂತ ಕೊಟ್ಟ ಸಾಲ್ಬುಟಮಾಲ್ ಇನ್ಹೇಲರ್ ಬೇಗ ಬೇಗ ಖಾಲಿಯಾಗುತ್ತಿತ್ತು. ಡೋಸ್ ಜಾಸ್ತಿ ಮಾಡುವ ಮುಂಚೆ ಒಮ್ಮೆ ಮಾತಾಡಿ ನೋಡಿ ಎಂದು ಡಾಕ್ಟರ್ ನನ್ನ ಹತ್ತಿರ ಕಳಿಸಿದರು.

"ದಿನಾ ತಗೋತೀನಿ ಮೇಡಂ, ಒಂದಿನಾನೂ ಬಿಟ್ಟಿಲ್ಲ" ಅಂದಳು. ಹೇಗೆ ಅಂತ ತೋರಿಸಮ್ಮ ಅಂದೆ. ಬ್ಯಾಗಿನಿಂದ ತೆಗೆದಳು, ಬಾಯಿಗಿಟ್ಟು ಒತ್ತಿದಳು, ತಕ್ಷಣ ಬ್ಯಾಗಿಗೆ ಹಾಕಿಬಿಟ್ಟಳು. ಅಲ್ಲಾಡಿಸಲಿಲ್ಲ, ಮೊದಲು ಉಸಿರು ಹೊರಗೆ ಬಿಡಲಿಲ್ಲ, ಒತ್ತಿದ ಮೇಲೆ ಉಸಿರು ಹಿಡಿಯಲೂ ಇಲ್ಲ. ಯಾಕಿಷ್ಟು ಅವಸರ ಅಂತ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ತಲೆ ತಗ್ಗಿಸಿ ಕೂತಿದ್ದಳು.

"ಬಾತ್‌ರೂಮಲ್ಲಿ ನಲ್ಲಿ ಬಿಟ್ಕೊಂಡು ತಗೋತೀನಿ. ಇನ್ಹೇಲರ್ ಒತ್ತೋ ಶಬ್ದ ಅತ್ತೆಗೆ ಕೇಳಬಾರದಲ್ವಾ. ಬಾಯಿ ಮುಕ್ಕಳಿಸಿದ್ರೆ ಈಗ್ಯಾಕೆ ಅಂತ ಕೇಳ್ತಾರೆ, ಅದಕ್ಕೆ ಅದನ್ನೂ ಮಾಡಲ್ಲ."

ನಾಲಿಗೆ ಮೇಲೆ ಯಾಕೆ ಬಿಳಿ ಕಟ್ಟಿತ್ತು ಅನ್ನುವುದೂ ಆಗ ಗೊತ್ತಾಯಿತು, ಮುಕ್ಕಳಿಸದೆ ಔಷಧಿ ಬಾಯಲ್ಲೇ ಉಳಿದರೆ ಹಾಗಾಗುತ್ತದೆ. ಗಂಡನಿಗೆ ಕಾಯಿಲೆ ವಿಷಯ ಗೊತ್ತು. ಅತ್ತೆಗೆ ಹೇಳಬೇಡ ಅಂದವರು ಅವಳ ತಾಯಿಯೇ. ಔಷಧಿ ಸರಿಯಾಗಿ ಒಳಗೆ ಹೋಗಲಿ ಅಂತ ಇನ್ಹೇಲರಿಗೆ ಸಿಕ್ಕಿಸುವ ಸ್ಪೇಸರ್ ಬರೆದುಕೊಟ್ಟಿದ್ದರೂ ಅವಳು ಕೊಂಡಿರಲಿಲ್ಲ. ಅಷ್ಟು ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ಎಲ್ಲಿ ಬಚ್ಚಿಡುವುದು?

ಗಂಡನನ್ನು ಕರೆದುಕೊಂಡು ಬಾ, ಈ ವಿಷಯ ಮನೆಯಲ್ಲಿ ಹೇಳಲೇಬೇಕು ಅಂದೆ. ಅದು ಅವರ ಮನೆ ವಿಚಾರ, ನೀವು ಔಷಧಿ ಬಗ್ಗೆ ಮಾತ್ರ ಹೇಳಬೇಕಿತ್ತು ಎಂದು ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಆಕ್ಷೇಪ ಮಾಡಿದರು. ನಾನು ಒಪ್ಪುವುದಿಲ್ಲ. ಹೀಗೆ ಒತ್ತುವ ಇನ್ಹೇಲರನ್ನು ಚೆನ್ನಾಗಿ ಅಲ್ಲಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ನಿಧಾನಕ್ಕೆ ಉಸಿರು ಎಳೆದುಕೊಳ್ಳಲು ಶುರು ಮಾಡುವಾಗಲೇ ಒತ್ತಬೇಕು, ಆಮೇಲೆ 10 ಸೆಕೆಂಡ್ ಉಸಿರು ಹಿಡಿಯಬೇಕು. ಎರಡನೇ ಪಫ್, ಅಂದರೆ ಇನ್ನೊಂದು ಸಲ ಒತ್ತುವುದು ಇದ್ದರೆ ಅರ್ಧ ನಿಮಿಷವಾದರೂ ಬಿಟ್ಟು ತೆಗೆದುಕೊಳ್ಳಬೇಕು. ಕೊನೆಗೆ ಬಾಯಿ ಮುಕ್ಕಳಿಸಿ ಉಗಿಯಬೇಕು. ಭಯಪಟ್ಟುಕೊಂಡು ಕದ್ದು ಮಾಡುವವರಿಗೆ ಇದು ಆಗುತ್ತದಾ? ಔಷಧಿ ಗಂಟಲಲ್ಲೇ ಉಳಿಯುತ್ತದೆ, ಶ್ವಾಸಕೋಶಕ್ಕೆ ಹೋಗುವುದು ತೀರಾ ಕಡಿಮೆ. ಇದನ್ನು ಸರಿ ಮಾಡದೆ ಡೋಸ್ ಜಾಸ್ತಿ ಮಾಡಿ ಏನು ಪ್ರಯೋಜನ?

ಪುಡಿ ಎಳೆದುಕೊಳ್ಳುವ ರೋಟಾಹೇಲರ್ ಥರದ್ದಾದರೆ ರೀತಿಯೇ ಬೇರೆ, ಅಲ್ಲಿ ಜೋರಾಗಿ ಎಳೆಯಬೇಕು. ನಿಮ್ಮದು ಯಾವುದು ಅಂತ ಕೇಳಿ, ಡಾಕ್ಟರ್ ಎದುರಿಗೇ ಒಮ್ಮೆ ಮಾಡಿ ತೋರಿಸಿ.

ಮುಂದಿನ ಸಲ ಗಂಡ ಬಂದರು. "ಸ್ಟೀರಾಯ್ಡ್ ಅಲ್ವಾ ಮೇಡಂ, ಅಭ್ಯಾಸ ಆಗಿಬಿಟ್ರೆ?" ಇದು ಎಲ್ಲರೂ ಕೇಳುವ ಪ್ರಶ್ನೆ. ಇದು ಚಟ ಹಿಡಿಸುವ ಔಷಧಿಯಲ್ಲ. ಒಂದು ಪಫ್‌ನಲ್ಲಿ 100 ಅಥವಾ 200 ಮೈಕ್ರೋಗ್ರಾಂ ಇರುತ್ತದೆ, ಅದೂ ನೇರ ಶ್ವಾಸನಾಳಕ್ಕೆ. ಉಸಿರು ಪೂರ್ತಿ ಕಟ್ಟಿದಾಗ ಕೊಡುವ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡಿನ 5 ಮಿಲಿಗ್ರಾಂ ಮಾತ್ರೆ ಅಂದರೆ 5000 ಮೈಕ್ರೋಗ್ರಾಂ, ಅದು ಇಡೀ ಮೈಗೆ ಹೋಗುತ್ತದೆ. ಮಗು ಆಗುವ ವಿಷಯಕ್ಕೂ ಹೆದರಿದ್ದರು. ಬಸಿರಿನಲ್ಲಿ ಹತೋಟಿಗೆ ಬಾರದ ಆಸ್ತಮಾನೇ ಜಾಸ್ತಿ ಅಪಾಯ, ಇನ್ಹೇಲರ್ ತಾವಾಗಿ ನಿಲ್ಲಿಸಬಾರದು ಎಂದು ಡಾಕ್ಟರ್ ಕೂಡ ಹೇಳಿದರು.

ಅತ್ತೆಗೆ ಮಗನೇ ಹೇಳಿದ. ಒಂದೆರಡು ದಿನ ಅವರು ಮಾತು ಬಿಟ್ಟಿದ್ದರಂತೆ. ಈಗ ಸ್ಪೇಸರ್ ಬಂದಿದೆ, ಬೆಳಿಗ್ಗೆ ರಾತ್ರಿ ಹಲ್ಲುಜ್ಜುವ ಮುಂಚೆ ಅವಳು ನೆಮ್ಮದಿಯಾಗಿ ತೆಗೆದುಕೊಳ್ಳುತ್ತಾಳೆ. ಕೆಲವು ವಾರಗಳಲ್ಲಿ ರಾತ್ರಿ ಕೆಮ್ಮು ಇಳಿಯಿತು. ಡೋಸ್ ಏರಿಸಬೇಕಾಗಲಿಲ್ಲ.

ಈಗ ಅತ್ತೆಯೇ ಕೇಳುತ್ತಿದ್ದಾರೆ, ಹುಷಾರಾಗಿದ್ದಾಳಲ್ಲ, ಇನ್ನೂ ಯಾಕೆ ಅಂತ. ಸಾಲ್ಬುಟಮಾಲ್ ಆಗಿನ ಕಷ್ಟಕ್ಕೆ ಶ್ವಾಸನಾಳವನ್ನು ಬಿಡಿಸುತ್ತದೆ ಅಷ್ಟೇ, ಒಳಗಿನ ಊತ ಕಡಿಮೆ ಮಾಡುವುದು ದಿನಾ ತೆಗೆದುಕೊಳ್ಳುವ ಈ ಬುಡೆಸೊನೈಡ್, ಅವಳು ಹುಷಾರಾಗಿರುವುದೇ ಇದರಿಂದ ಎಂದು ಹೇಳಿ ಕಳಿಸಿದ್ದೇನೆ. ಮೂರು ತಿಂಗಳು ಹೀಗೇ ಚೆನ್ನಾಗಿದ್ದರೆ ಡೋಸ್ ಇಳಿಸಬಹುದಾ ಅಂತ ಡಾಕ್ಟರ್ ನೋಡುತ್ತಾರೆ.