ಫ್ರಾನ್ಸಿನ ಕ್ರಾಂತಿಯಲ್ಲಿ ಹೆಂಗಸರಿಗೆ ಮತ ಏಕೆ ಸಿಗಲಿಲ್ಲ?

ಪ್ರಶ್ನೆ: ಎಲ್ಲರೂ ಹುಟ್ಟಿನಿಂದ ಸಮಾನರು ಎಂದು 1789ರ ಮಾನವ ಹಕ್ಕುಗಳ ಘೋಷಣೆಯೇ ಹೇಳಿದ ಮೇಲೂ ಹೆಂಗಸರಿಗೆ ಮತದ ಹಕ್ಕು ಯಾಕೆ ಕೊಡಲಿಲ್ಲ? ಮಹಿಳೆಯರ ಹಕ್ಕುಗಳ ಘೋಷಣೆ ಬರೆದದ್ದಕ್ಕೇ ಲೇಖಕಿ ಒಲಾಂಪ್ ದ ಗೂಜ್ ಅವರ ತಲೆ ಕಡಿದರು ಎಂದು ನೋಟ್ಸಿನಲ್ಲಿದೆ. ನಿಜವೇ?
– ಬಿ.ಎ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲನೆಯದು ಮರೆವಿನಿಂದ ಆದದ್ದಲ್ಲ. 1789ರ ಆಗಸ್ಟ್ 26ರ ಘೋಷಣೆಯ 17 ಕಲಮುಗಳಲ್ಲಿ ಮತ ಯಾರಿಗೆ ಎಂಬುದನ್ನು ಬಿಡಿಸಿ ಹೇಳಿಲ್ಲ. ಆ ಬೇಲಿ ಹಾಕಿದ್ದು ಅದೇ ವರ್ಷದ ಕೊನೆಯಲ್ಲಿ ಬಂದ ಚುನಾವಣಾ ಕಾನೂನು. 25 ತುಂಬಿದ, ಒಂದು ವರ್ಷದಿಂದ ಅಲ್ಲೇ ನೆಲೆಸಿದ, ಮೂರು ದಿನದ ಕೂಲಿಯಷ್ಟಾದರೂ ನೇರ ತೆರಿಗೆ ಕಟ್ಟುವ, ಮನೆಯಾಳಲ್ಲದ ಗಂಡಸು ಮಾತ್ರ ‘ಸಕ್ರಿಯ ಪ್ರಜೆ’. ಉಳಿದವರು ‘ನಿಷ್ಕ್ರಿಯ’ರು: ಕಾನೂನಿನ ರಕ್ಷಣೆ ಉಂಟು, ಮತವಿಲ್ಲ. ಈ ವಿಂಗಡಣೆ ಮುಂದಿಟ್ಟ ಕ್ರಾಂತಿಯ ನಾಯಕ ಸಿಯೇಸ್, ಹೆಂಗಸರನ್ನು ಹೊರಗಿಡುವಾಗ ‘ಕನಿಷ್ಠಪಕ್ಷ ಈಗಿನ ಸ್ಥಿತಿಯಲ್ಲಿ’ ಎಂದೊಂದು ಮಾತು ಸೇರಿಸಿದ್ದ. ಆ ‘ಈಗ’ ಮುಗಿಯಲೇ ಇಲ್ಲ. 1792ರ ಆಗಸ್ಟಿನಲ್ಲಿ ತೆರಿಗೆಯ ಷರತ್ತು ಬಿತ್ತು, ವಯಸ್ಸು 21ಕ್ಕೆ ಇಳಿಯಿತು. ಗಂಡಸಾಗಿರಬೇಕೆಂಬ ಷರತ್ತು ಅಲುಗಲಿಲ್ಲ. ಉತ್ತರಪತ್ರಿಕೆಯಲ್ಲಿ ಈ ಹೋಲಿಕೆಯನ್ನು ಬಿಡಬೇಡಿ. ಅಡ್ಡಿ ಬರೀ ಆಸ್ತಿಯದ್ದಾಗಿರಲಿಲ್ಲ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

‘ಜ್ಞಾನೋದಯದ (18ನೇ ಶತಮಾನದ ಯುರೋಪಿನ ವೈಚಾರಿಕ ಚಳವಳಿಯ) ಚಿಂತಕರು ಮಹಿಳೆಯರಿಗೆ ಹಕ್ಕು ತಂದುಕೊಟ್ಟರು’ ಎಂದು ಒಂದೇ ಸಾಲಿನಲ್ಲಿ ಬರೆದರೆ ತಪ್ಪಾಗುತ್ತದೆ. ಅವರೊಳಗೇ ಜಗಳವಿತ್ತು. ರೂಸೋ ‘ಎಮಿಲ್’ (1762) ಕೃತಿಯ ಐದನೇ ಭಾಗದಲ್ಲಿ ಹುಡುಗಿಯ ಶಿಕ್ಷಣವೆಲ್ಲ ಗಂಡಸನ್ನು ಮೆಚ್ಚಿಸುವುದಕ್ಕೆ ಎಂದ. ಇಂಗ್ಲಿಷ್ ಲೇಖಕಿ ಮೇರಿ ವುಲ್‌ಸ್ಟನ್‌ಕ್ರಾಫ್ಟ್ 1792ರಲ್ಲಿ ಅವನ ಹೆಸರೆತ್ತಿಯೇ ಅದನ್ನು ಖಂಡಿಸಿದಳು. ಫ್ರೆಂಚ್ ಚಿಂತಕ ಕೊಂಡೋರ್ಸೆ 1790ರ ಜುಲೈ 3ರ ಲೇಖನದಲ್ಲಿ ಕೇಳಿದ್ದು ಹೀಗೆ: ಪ್ರತಿ ಚಳಿಗಾಲ ಕೀಲುನೋವಿನಲ್ಲಿ ನರಳುವ, ಬೇಗ ನೆಗಡಿ ಹಿಡಿಸಿಕೊಳ್ಳುವ ಗಂಡಸರ ಹಕ್ಕನ್ನು ಯಾರೂ ಕಸಿಯುವುದಿಲ್ಲ, ಹಾಗಿರುವಾಗ ಬಸಿರಿನ ನೆಪದಲ್ಲಿ ಹೆಂಗಸಿನ ಹಕ್ಕನ್ನು ಕಸಿಯುವುದೇಕೆ? ಆದರೆ 1793ರಲ್ಲಿ ಅವನೇ ಮುಂದಾಗಿ ಸಿದ್ಧಪಡಿಸಿದ ಸಂವಿಧಾನದ ಕರಡಿನಲ್ಲೂ ಮತ ಗಂಡಸರಿಗಷ್ಟೇ. ಅವನನ್ನು ಹೊಗಳುವವರು ಇದನ್ನು ಹೇಳುವುದು ಕಡಿಮೆ.

ಗೂಜ್ 1791ರ ಸೆಪ್ಟೆಂಬರಿನಲ್ಲಿ ಬರೆದ ಘೋಷಣೆಯಲ್ಲೂ 17 ಕಲಮುಗಳೇ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿ. ಕೆಲವು ಕಡೆ ಆಕೆ ‘ಮಹಿಳೆ’ ಎಂಬ ಪದ ಸೇರಿಸಿ ಸುಮ್ಮನಾಗುತ್ತಾಳೆ. 10 ಮತ್ತು 11ನೇ ಕಲಮುಗಳ ಮೇಲೆ ಮಾತ್ರ ಹೊತ್ತು ಕಳೆಯಬೇಕು. ಹತ್ತರಲ್ಲಿ, ವಧಾಸ್ಥಾನದ ಮೆಟ್ಟಿಲೇರುವ ಹಕ್ಕು ಹೆಂಗಸಿಗಿದ್ದರೆ ಭಾಷಣದ ವೇದಿಕೆ ಏರುವ ಹಕ್ಕೂ ಇರಬೇಕು ಎಂಬ ವಾದ. ಹನ್ನೊಂದು ಮೂಲದಲ್ಲಿ ವಾಕ್ ಸ್ವಾತಂತ್ರ್ಯದ್ದು. ಆಕೆ ಅದನ್ನೇ ಹಿಡಿದು, ತನ್ನ ಮಗುವಿನ ತಂದೆ ಯಾರೆಂದು ಬಹಿರಂಗವಾಗಿ ಹೇಳುವ ಹಕ್ಕು ತಾಯಿಗಿದೆ ಎನ್ನುತ್ತಾಳೆ. ಹೆಚ್ಚಿನ ನೋಟ್ಸುಗಳು ಹತ್ತಕ್ಕೇ ನಿಲ್ಲುತ್ತವೆ. ನನ್ನ ಮಟ್ಟಿಗೆ ಹನ್ನೊಂದೇ ಹೆಚ್ಚು ದಿಟ್ಟವಾದದ್ದು.

ಇನ್ನು ಗಿಲೋಟಿನ್, ಅಂದರೆ ತಲೆ ಕಡಿಯುವ ಯಂತ್ರದ ವಿಷಯ. ನಿಮ್ಮ ನೋಟ್ಸು ಇಲ್ಲಿ ತಪ್ಪಿದೆ. ಆಕೆಯನ್ನು ಸಿಕ್ಕಿಸಿದ್ದು 1793ರ ‘ಮೂರು ಮತಪೆಟ್ಟಿಗೆಗಳು’ ಎಂಬ ಭಿತ್ತಿಪತ್ರ. ಗಣರಾಜ್ಯ, ಒಕ್ಕೂಟ, ರಾಜಪ್ರಭುತ್ವ – ಯಾವುದು ಬೇಕೋ ಜನರೇ ಆರಿಸಲಿ ಎಂದು ಅದರಲ್ಲಿತ್ತು. ರಾಜಪ್ರಭುತ್ವ ಮರಳಲಿ ಎಂದು ಬರೆಯುವುದಕ್ಕೆ ಆ ಮಾರ್ಚ್ ತಿಂಗಳ ಕಾನೂನು ಮರಣದಂಡನೆ ಇಟ್ಟಿತ್ತು. ಗೊಂದಲಕ್ಕೆ ಕಾರಣ ತಾರೀಕುಗಳು: ಅಕ್ಟೋಬರ್ 30ಕ್ಕೆ ಮಹಿಳಾ ಸಂಘಗಳ ನಿಷೇಧ, ನವೆಂಬರ್ 3ಕ್ಕೆ ಆಕೆಯ ಶಿರಚ್ಛೇದ.

ಪ್ರಶ್ನೆ: ಹಾಗಾದರೆ ಕ್ರಾಂತಿಯಿಂದ ಅಲ್ಲಿನ ಹೆಂಗಸರಿಗೆ ಏನೂ ದಕ್ಕಲಿಲ್ಲವೇ?
– ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ದಕ್ಕಿತು, ಮತಗಟ್ಟೆಯಲ್ಲಲ್ಲ, ಮನೆಯೊಳಗೆ. 1791ರಲ್ಲಿ, ಉಯಿಲು ಬರೆಯದೆ ಸತ್ತವರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು. 1792ರ ಸೆಪ್ಟೆಂಬರ್ 20ರ ಕಾನೂನಿನಿಂದ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಹೊಂದಾಣಿಕೆಯಿಲ್ಲ ಎಂದು ಒಬ್ಬರೇ ಕೇಳಲೂ ಅವಕಾಶ. 1804ರ ನೆಪೋಲಿಯನ್ ಸಂಹಿತೆ (ನಾಗರಿಕ ಕಾನೂನು) ಇದನ್ನು ಬಿಗಿ ಮಾಡಿತು: 213ನೇ ಕಲಮಿನ ಪ್ರಕಾರ ಹೆಂಡತಿ ಗಂಡನ ಮಾತು ಕೇಳಬೇಕು. ಹೆಂಡತಿ ವ್ಯಭಿಚಾರದಲ್ಲಿ ಒಮ್ಮೆ ತಪ್ಪಿದರೂ ಗಂಡ ವಿಚ್ಛೇದನ ಕೇಳಬಹುದಿತ್ತು. ಗಂಡ ತಪ್ಪಿದರೆ ಅವನು ಪ್ರೇಯಸಿಯನ್ನು ಸಂಸಾರದ ಮನೆಯಲ್ಲೇ ಇಟ್ಟುಕೊಂಡಿದ್ದಾಗ ಮಾತ್ರ ಹೆಂಡತಿ ಕೇಳಬಹುದಿತ್ತು. 1816ರಲ್ಲಿ ವಿಚ್ಛೇದನವೇ ರದ್ದಾಗಿ, 1884ರಲ್ಲಿ ಮರಳಿತು. ಮತದ ಹಕ್ಕಿನ ಆದೇಶ ಬಂದದ್ದು 1944ರ ಏಪ್ರಿಲ್ 21ಕ್ಕೆ. ಮರುವರ್ಷ ಏಪ್ರಿಲ್ 29ರ ಸ್ಥಳೀಯ ಚುನಾವಣೆಯಲ್ಲಿ ಅವರು ಮೊದಲ ಬಾರಿ ಮತ ಹಾಕಿದರು.